ವಿಡಿಯೋ ಗೇಮ್ ಆಧಾರಿತ ವೈಜ್ಞಾನಿಕ ಕಾದಂಬರಿಗಳು: ಆಟ ಆಡದವರು ಓದಬಹುದೇ?

ಪ್ರಶ್ನೆ

ವೈಜ್ಞಾನಿಕ ಕಾದಂಬರಿಗಳನ್ನು ನಾನು ಬಹಳ ಕಾಲದಿಂದ ಓದುತ್ತಿದ್ದೇನೆ, ಆದರೆ ವಿಡಿಯೋ ಗೇಮ್ ಆಡುವ ಅಭ್ಯಾಸ ನನಗಿಲ್ಲ. ‘ಹೇಲೋ’, ‘ಮಾಸ್ ಎಫೆಕ್ಟ್’ನಂಥ ಆಟಗಳನ್ನು ಆಧರಿಸಿದ ಕಾದಂಬರಿಗಳ ಬಗ್ಗೆ ಈಚೆಗೆ ಕುತೂಹಲ ಹುಟ್ಟಿದೆ. ಇವು ಸ್ವತಂತ್ರ ಕೃತಿಗಳಾಗಿ ನಿಲ್ಲುತ್ತವೆಯೇ, ಅಥವಾ ಆಟಗಾರರ ನೆನಪನ್ನು ನಂಬಿಕೊಂಡೇ ಬರೆದವುಗಳೇ? ಓದುವುದಾದರೆ ಯಾವುದರಿಂದ ಆರಂಭಿಸಬೇಕು?

ಉತ್ತರ 1

ಖಂಡಿತ ಓದಬಹುದು, ಆಯ್ಕೆಯಲ್ಲಿ ಮಾತ್ರ ಎಚ್ಚರ ಬೇಕು. ಆಟದಲ್ಲಿ ನಡೆದದ್ದನ್ನೇ ಮತ್ತೆ ಹೇಳುವ ಕಾದಂಬರಿ ಬೇರೆ, ಆಟ ಹೇಳದೆ ಬಿಟ್ಟ ಕಾಲವನ್ನೋ ವ್ಯಕ್ತಿಯನ್ನೋ ಕೈಗೆತ್ತಿಕೊಳ್ಳುವ ಕಾದಂಬರಿ ಬೇರೆ. ಎರಿಕ್ ನೈಲಂಡ್ ಅವರ ‘ದಿ ಫಾಲ್ ಆಫ್ ರೀಚ್’ ಎರಡನೆಯ ಬಗೆಯದು. ಅದು 2001ರಲ್ಲಿ, ಮೊದಲ ‘ಹೇಲೋ’ ಆಟಕ್ಕಿಂತ ಕೆಲವೇ ವಾರ ಮುಂಚೆ ಹೊರಬಂದ ಕಾರಣ, ಆಟದ ಪರಿಚಯವಿಲ್ಲದವರಿಗೂ ಅರ್ಥವಾಗುವಂತೆ ಬರೆಯುವುದು ಅನಿವಾರ್ಯವೇ ಆಗಿತ್ತು. ಆಟದಲ್ಲಿ ಕವಚದೊಳಗಿಂದ ಮುಖವನ್ನೇ ತೋರಿಸದ ನಾಯಕ ಮಾಸ್ಟರ್ ಚೀಫ್ ಇಲ್ಲಿ ಜಾನ್ ಎಂಬ ಆರು ವರ್ಷದ ಬಾಲಕ. ಅವನನ್ನೂ ಅವನ ವಯಸ್ಸಿನ ಇತರ ಮಕ್ಕಳನ್ನೂ ಗುಟ್ಟಾಗಿ ಅಪಹರಿಸಿ, ಅವರ ಜಾಗದಲ್ಲಿ ಅಲ್ಪಾಯುಷಿಗಳಾದ ತದ್ರೂಪಿಗಳನ್ನಿರಿಸಿ, ಸೈನಿಕರನ್ನಾಗಿ ಬೆಳೆಸುವ ಸರಕಾರಿ ಯೋಜನೆಯೊಂದರಿಂದ ಕಥೆ ಶುರುವಾಗುತ್ತದೆ. ದೇಹವನ್ನು ಬಲಪಡಿಸುವ ಶಸ್ತ್ರಚಿಕಿತ್ಸೆಯಲ್ಲಿ ಆ ಮಕ್ಕಳಲ್ಲಿ ಅನೇಕರು ಸಾಯುತ್ತಾರೆ. ಇಷ್ಟೆಲ್ಲವನ್ನು ಮೊದಲಿಗೆ ಹೂಡಿದ್ದು ಅನ್ಯಗ್ರಹದವರ ವಿರುದ್ಧವಲ್ಲ, ಮನುಷ್ಯರದೇ ಬಂಡಾಯವನ್ನು ಹತ್ತಿಕ್ಕಲು ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ. ನೀವು ಇದರಿಂದಲೇ ಆರಂಭಿಸಿ.

ಉತ್ತರ 2

ಆಟ ಹೇಳದೆ ಬಿಟ್ಟದ್ದನ್ನು ಕೈಗೆತ್ತಿಕೊಳ್ಳುವ ಕಾದಂಬರಿಯನ್ನೇ ಆರಿಸಬೇಕೆಂಬ ಮೇಲಿನ ಮಾತಿಗೆ ನನ್ನ ಒಪ್ಪಿಗೆಯಿದೆ. ಅದರ ಹಿಂದಿನ ಕಾರಣವನ್ನೂ ಹೇಳಬೇಕೆನಿಸುತ್ತದೆ. ‘ಮಾಸ್ ಎಫೆಕ್ಟ್’ ಆಟದಲ್ಲಿ ಮುಖ್ಯ ಪಾತ್ರವಾದ ಕಮಾಂಡರ್ ಶೆಪರ್ಡ್ ಗಂಡೋ ಹೆಣ್ಣೋ, ಯಾರನ್ನು ಉಳಿಸಬೇಕು, ಯಾರನ್ನು ಕೈಬಿಡಬೇಕು ಎಂಬುದೆಲ್ಲ ಆಟಗಾರನ ನಿರ್ಧಾರ. ಕಾದಂಬರಿಕಾರ ಇವುಗಳಲ್ಲಿ ಒಂದನ್ನು ಆರಿಸಿದರೂ ಉಳಿದ ಆಟಗಾರರ ಕಥೆ ಸುಳ್ಳಾಗುತ್ತದೆ. ಆಟದ ಮುಖ್ಯ ಬರಹಗಾರರೇ ಆಗಿದ್ದ ಡ್ರೂ ಕಾರ್ಪಿಶಿನ್ 2007ರ ‘ರೆವೆಲೇಶನ್’ ಕಾದಂಬರಿಯಲ್ಲಿ ಆಟಕ್ಕಿಂತ ಹಲವು ವರ್ಷ ಹಿಂದಕ್ಕೆ ಹೋಗಿ, ಆಂಡರ್ಸನ್ ಎಂಬ ಅಧಿಕಾರಿಯನ್ನು ನಡುವೆ ನಿಲ್ಲಿಸಿ, ಈ ತೊಡಕಿನಿಂದ ಪಾರಾದರು. ಮುಂದೆ ಆಟದಲ್ಲಿ ಎದುರಾಳಿಯಾಗುವ ಸಾರೆನ್ ಅಲ್ಲಿ ಆಗಲೇ ಎಷ್ಟು ನಿರ್ದಯನಾಗಿದ್ದ ಎಂಬುದು ತಿಳಿಯುತ್ತದೆ. ಆದರೆ ಇದೇ ಸರಣಿಗೆ ಬೇರೊಬ್ಬರು ಬರೆದ 2012ರ ‘ಡಿಸೆಪ್ಶನ್’ ಹಿಂದಿನ ಕಥೆಗಳೊಂದಿಗೆ ಹಲವೆಡೆ ತಾಳೆಯಾಗದೆ, ಅಭಿಮಾನಿಗಳು ತಪ್ಪುಗಳನ್ನು ಪಟ್ಟಿಮಾಡಿದ ಮೇಲೆ ಪ್ರಕಾಶಕರೂ ಆಟದ ತಯಾರಕರೂ ಕ್ಷಮೆ ಕೇಳಬೇಕಾಯಿತು. ಇಂಥ ಓದುಗರು ಕಥಾಲೋಕದ ವಿವರಗಳನ್ನು ಎಷ್ಟು ಹಚ್ಚಿಕೊಂಡಿರುತ್ತಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಉತ್ತರ 3

ಆಟದ ಹಂಗೇ ಬೇಡವೆನ್ನುವುದಾದರೆ ಕಾದಂಬರಿಯಿಂದ ಆಟವಾದ ಕೃತಿಗಳತ್ತಲೂ ನೋಡಿ. ದ್ಮಿತ್ರಿ ಗ್ಲುಖೋವ್‌ಸ್ಕಿ ಅವರ ‘ಮೆಟ್ರೋ 2033’ ಮೊದಲು ರಷ್ಯನ್ ಕಾದಂಬರಿಯಾಗಿತ್ತು. ಆಟ ಬಂದದ್ದು 2010ರಲ್ಲಿ. ಅಣುಯುದ್ಧದ ನಂತರ ಮಾಸ್ಕೋದ ಸುರಂಗ ರೈಲು ನಿಲ್ದಾಣಗಳಲ್ಲಿ ಬದುಕುಳಿದವರು, ಒಂದೊಂದು ನಿಲ್ದಾಣವನ್ನೂ ಒಂದೊಂದು ಪುಟ್ಟ ರಾಜ್ಯವಾಗಿಸಿಕೊಂಡು ಪರಸ್ಪರ ಕಾದಾಡುವ ಕಥೆಯದು. ಆಟದಲ್ಲಿ ಗುಂಡಿನ ಕಾಳಗಕ್ಕೆ ಹೆಚ್ಚು ಜಾಗವಿದ್ದರೆ, ಪುಸ್ತಕದಲ್ಲಿ ನಾಯಕ ಅರ್ತ್ಯೋಮ್ ನಿಲ್ದಾಣದಿಂದ ನಿಲ್ದಾಣಕ್ಕೆ ಅಲೆಯುತ್ತ, ಒಬ್ಬೊಬ್ಬರ ನಂಬಿಕೆಯನ್ನೂ ಕೇಳಿಸಿಕೊಳ್ಳುತ್ತ ಹೋಗುತ್ತಾನೆ. ‘ದಿ ಫಾಲ್ ಆಫ್ ರೀಚ್’ ಹಿಡಿಸಿದರೆ ಎರಡನೆಯದಾಗಿ ಇದನ್ನು ಓದಿ. ಮೊದಲ ‘ಹೇಲೋ’ ಆಟದ ಘಟನೆಗಳನ್ನೇ ಹೇಳುವ ‘ದಿ ಫ್ಲಡ್’ ಕಾದಂಬರಿಯನ್ನು, ಆಟವನ್ನು ಆಡುವ ಮನಸ್ಸಾದರೆ ಮಾತ್ರ, ಆಡಿ ಮುಗಿಸಿದ ಮೇಲೆ ತೆಗೆದುಕೊಳ್ಳಿ.