ಮಕ್ಕಳ ಸಾಹಿತ್ಯ ಕಮ್ಮಟಕ್ಕೆ ಹೋಗಬೇಕೇ ಎಂದು ಕೇಳಿದ ಅನಘಾಳಿಗೆ

ಅನಘಾ, ಮಕ್ಕಳ ಸಾಹಿತ್ಯ ಸಮ್ಮೇಳನಕ್ಕೂ ಅದರ ಜೊತೆಗೆ ನಡೆಯುವ ಕಮ್ಮಟಕ್ಕೂ ಶಾಲೆಗೆ ರಜೆ ಹಾಕಿ, ಶುಲ್ಕ ಕಟ್ಟಿ ಹೋಗುವುದರಿಂದ ಪ್ರಯೋಜನವಿದೆಯೇ ಎಂದು ನೀನು ಗುಂಪಿನಲ್ಲಿ ಕೇಳಿದ್ದೆ. ಬರವಣಿಗೆ ಒಬ್ಬರೇ ಕುಳಿತು ಮಾಡುವ ಕೆಲಸ, ಸಮ್ಮೇಳನಗಳಲ್ಲಿ ಹಾರ, ಶಾಲು, ಭಾಷಣ ಬಿಟ್ಟರೆ ಬೇರೇನೂ ಇರುವುದಿಲ್ಲ ಎಂದು ಭಾವನವರು ಉತ್ತರಿಸಿದ್ದಾರೆ. ಭಾವ, ಉದ್ಘಾಟನೆಯೇ ಮಧ್ಯಾಹ್ನದವರೆಗೆ ಎಳೆದು ಗೋಷ್ಠಿಗೆ ಸಮಯ ಉಳಿಯದ ಸಭೆಗಳನ್ನು ನಾನೂ ಕಂಡಿದ್ದೇನೆ. ಆದರೂ ಅನಘಾ ಹೋಗಬೇಕು ಎಂದೇ ನನ್ನ ಅಭಿಪ್ರಾಯ.

ದೊಡ್ಡವರಿಗಾಗಿ ಬರೆದರೆ ಓದುಗರಿಂದ ಒಂದು ಪತ್ರವೋ ವಿಮರ್ಶೆಯೋ ಬರುತ್ತದೆ. ಮಕ್ಕಳ ಪುಸ್ತಕವನ್ನು ಆರಿಸುವವರು, ಕೊಳ್ಳುವವರು, ಬಹುಮಾನ ಕೊಡುವವರು ಎಲ್ಲರೂ ದೊಡ್ಡವರೇ. ಮಗು ಮಾತ್ರ ಬೇಸರವಾದರೆ ಏನೂ ಹೇಳದೆ ಪುಸ್ತಕ ಮುಚ್ಚಿಟ್ಟು ಆಟಕ್ಕೆ ಓಡುತ್ತದೆ. ಮನೆಯವರಾದ ನಾವೋ, ನೀನು ಬರೆದದ್ದೆಲ್ಲ ಚೆನ್ನಾಗಿದೆ ಎನ್ನುತ್ತೇವೆ. ಕಮ್ಮಟದಲ್ಲಿ ನಿನ್ನ ಕಥೆಯನ್ನು ಗಟ್ಟಿಯಾಗಿ ಓದಿದಾಗ, ಅದೇ ಕೆಲಸ ಮಾಡುವ ಹತ್ತಾರು ಜನ ಎಲ್ಲಿ ಕಿವಿಗೊಟ್ಟರು, ಎಲ್ಲಿ ಅತ್ತಿತ್ತ ನೋಡಿದರು ಎಂಬುದು ನಿನಗೇ ಗೊತ್ತಾಗುತ್ತದೆ. ಪುಟ್ಟಿಯ ಲಂಗ ಕೆಂಪು ಎಂದು ನೀನು ಬರೆದಿದ್ದರೆ, ಬಣ್ಣ ಚಿತ್ರದಲ್ಲೇ ಕಾಣುವುದರಿಂದ ಆ ಮಾತು ಬೇಡ ಎಂದು ಚಿತ್ರ ಬರೆಯುವವರು ಹೇಳಬಲ್ಲರು. ಚಿತ್ರಪುಸ್ತಕಕ್ಕೆ ಸಾಮಾನ್ಯವಾಗಿ ಸಿಗುವುದು 32 ಪುಟ, ಪ್ರತಿ ಸಲ ಪುಟ ತಿರುಗಿಸುವ ಮುನ್ನ ಮಗುವಿಗೆ ಮುಂದೇನು ಎಂಬ ಕುತೂಹಲ ಹುಟ್ಟಬೇಕು ಎಂಬುದನ್ನು ಅನುಭವಿ ಸಂಪಾದಕರು ನಿನ್ನ ಕರಡಿನ ಮೇಲೆಯೇ ತೋರಿಸಬಲ್ಲರು.

ಇಂಥ ಕೂಟಗಳಿಂದ ಏನಾಗಬಹುದು ಎಂಬುದಕ್ಕೆ ನನಗೆ ತುಂಬ ಪ್ರಿಯವಾದ ನಿದರ್ಶನ ಜೆಲ್ಲಾ ಲೆಪ್‌ಮನ್ ಅವರದು. ಯಹೂದಿಯಾದ್ದರಿಂದ ಹಿಟ್ಲರನ ಜರ್ಮನಿಯನ್ನು ತೊರೆದಿದ್ದ ಈ ಪತ್ರಕರ್ತೆ, ಯುದ್ಧ ಮುಗಿದ ಮೇಲೆ ಅದೇ ದೇಶಕ್ಕೆ ಮರಳಿ, 1946ರಲ್ಲಿ ಹಲವು ದೇಶಗಳ ಮಕ್ಕಳ ಪುಸ್ತಕಗಳನ್ನು ಬೇಡಿ ತರಿಸಿ ಮ್ಯೂನಿಕ್‌ನಲ್ಲಿ ಪ್ರದರ್ಶನ ಏರ್ಪಡಿಸಿದರು; 1949ರಲ್ಲಿ ಅಲ್ಲಿಯೇ ಮಕ್ಕಳ ಗ್ರಂಥಾಲಯವನ್ನು ತೆರೆದರು. 1951ರಲ್ಲಿ ಅವರು ಕರೆದ ಸಮ್ಮೇಳನದ ಫಲವಾಗಿ 1953ರಲ್ಲಿ ಜ್ಯೂರಿಕ್‌ನಲ್ಲಿ ಮಕ್ಕಳ ಪುಸ್ತಕಗಳಿಗಾಗಿ ಐಬಿಬಿವೈ ಎಂಬ ಅಂತರರಾಷ್ಟ್ರೀಯ ಮಂಡಳಿ ಸ್ಥಾಪನೆಯಾಯಿತು. ಮಕ್ಕಳ ಸಾಹಿತ್ಯಕ್ಕೆ ಮೀಸಲಾದ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪ್ರಶಸ್ತಿ ಕೊಡುವುದು ಇದೇ ಮಂಡಳಿ, ಮತ್ತು ಅದರ 1998ರ ಮಹಾಸಭೆ ನಡೆದದ್ದು ನಮ್ಮ ದೆಹಲಿಯಲ್ಲಿ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಸ್ಟೀಫನ್ ಮೂಸರ್ ಮತ್ತು ಲಿನ್ ಆಲಿವರ್ 1971ರಲ್ಲಿ ಆರಂಭಿಸಿದ, ಮಕ್ಕಳಿಗಾಗಿ ಬರೆಯುವವರ ಸಂಘವೂ ಹೀಗೆಯೇ ಬೆಳೆದು ಇಂದು ಹಲವು ದೇಶಗಳಲ್ಲಿದೆ.

ನಮ್ಮಲ್ಲಿಯೂ ಮಕ್ಕಳಿಗಾಗಿ ಹಾಡು ಕಟ್ಟಿದ ಪಂಜೆ ಮಂಗೇಶರಾಯರನ್ನು 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರನ್ನಾಗಿ ಕೂರಿಸಿದರು. ಅವರೂ ನಿನ್ನಂತೆ ಶಾಲೆಯಲ್ಲಿ ಪಾಠ ಹೇಳಿದವರೇ.

ಒಂದು ಎಚ್ಚರಿಕೆ ಮಾತ್ರ ಇರಲಿ. ಹಣ ಕೊಟ್ಟರೆ ಪುಸ್ತಕ ಅಚ್ಚು ಹಾಕಿಸಿ ಪ್ರಶಸ್ತಿಯನ್ನೂ ಕೊಡಿಸುತ್ತೇವೆ ಎನ್ನುವವರು ಸಿಕ್ಕರೆ ದೂರವಿರು. ಮುಗಿಸಿದ ಒಂದೇ ಕಥೆಯನ್ನು ಕೊಂಡೊಯ್ದು ಓದು. ಯಾರಾದರೂ ತಪ್ಪು ತೋರಿಸಿದಾಗ ಸಮರ್ಥಿಸಿಕೊಳ್ಳದೆ ಬರೆದುಕೊ. ನಿನ್ನ ರುಚಿಗೆ ಹೊಂದುವ ಮೂರು ನಾಲ್ಕು ಜನರ ಸಂಪರ್ಕ ಇಟ್ಟುಕೊಂಡು, ತಿಂಗಳಿಗೊಮ್ಮೆಯಾದರೂ ಪರಸ್ಪರ ಕರಡುಗಳನ್ನು ಓದುವ ಏರ್ಪಾಡು ಮಾಡಿಕೊಳ್ಳುವುದಾದರೆ ಕೊಟ್ಟ ಶುಲ್ಕ ಸಾರ್ಥಕ. ಮಗುವಿನ ಚಿಂತೆ ಬೇಡ, ಆ ಎರಡು ದಿನ ನಾನೇ ಬಂದು ಇರುತ್ತೇನೆ. ನೀನು ಇವತ್ತೇ ಹೆಸರು ನೋಂದಾಯಿಸು.