ಪದಚರ್ಚೆ: ಒಂದೇ ಕಾರ್ಡಿಗೆ ಎರಡು ‘ವಿಳಾಸ’, ಒಂದೇ ‘ಕೇಳು’ವಿಗೆ ಮೂರು ಅರ್ಥ

ಪದಚರ್ಚೆಯ ಗೆಳೆಯರಿಗೆ ನಮಸ್ಕಾರ.

ನಮ್ಮ ಕಾಲೇಜಿನ ಭೌತಶಾಸ್ತ್ರದ ಲ್ಯಾಬಿಗೆ ಕನ್ನಡದಲ್ಲಿ ಒಂದು ಸೂಚನೆಯ ಹಾಳೆ ಬರೆಯುತ್ತಿದ್ದೇನೆ. ಹಳೆಯ ಕಂಪ್ಯೂಟರಿಗೆ ಜಿಪಿಐಬಿ ಕಾರ್ಡ್ ಹಾಕುವುದು, ಅದಕ್ಕೆ ವೋಲ್ಟ್‌ಮೀಟರು, ಸಿಗ್ನಲ್ ಜನರೇಟರು ಜೋಡಿಸುವುದು, ಅಳತೆಗಳನ್ನು ನೇರವಾಗಿ ಕಂಪ್ಯೂಟರಿಗೆ ತೆಗೆದುಕೊಳ್ಳುವುದು. ಇಷ್ಟೇ ವಿಷಯ. ಓದುವವರು ಹತ್ತನೇ ತರಗತಿವರೆಗೆ ಕನ್ನಡದಲ್ಲೇ ಓದಿ ಬಂದ ವಿದ್ಯಾರ್ಥಿಗಳು ಮತ್ತು ಲ್ಯಾಬಿನ ಸಹಾಯಕರು.

ಕಾರ್ಡ್, ಸ್ಲಾಟ್, ಜಂಪರ್, ಕೇಬಲ್ ಇವೆಲ್ಲ ಹಾಗೇ ಇರಲಿ. ಅವುಗಳಿಗೆ ಕನ್ನಡ ಹುಡುಕಿಕೊಡಿ ಎಂದು ಕೇಳಲು ಬಂದಿಲ್ಲ. ನನಗೆ ಕಾಟ ಕೊಡುತ್ತಿರುವುದು ಎಲ್ಲರಿಗೂ ಚೆನ್ನಾಗಿ ಗೊತ್ತಿರುವ ಕನ್ನಡ ಪದಗಳೇ. ಮುಖ್ಯವಾಗಿ ಎರಡು: ‘ವಿಳಾಸ’ ಮತ್ತು ‘ಕೇಳು’.

ಈ ಕಾರ್ಡಿನ ಪರಿಚಯ ಇಲ್ಲದವರಿಗೆ ಸ್ವಲ್ಪ ಹಿನ್ನೆಲೆ. 1960ರ ದಶಕದ ಕೊನೆಯಲ್ಲಿ ಹ್ಯೂಲೆಟ್ ಪ್ಯಾಕರ್ಡ್ (ಎಚ್‌ಪಿ) ಕಂಪನಿ ತನ್ನ ಅಳತೆಯ ಉಪಕರಣಗಳನ್ನು ಒಂದಕ್ಕೊಂದು ಜೋಡಿಸಲು ಒಂದು ವ್ಯವಸ್ಥೆ ಮಾಡಿಕೊಂಡಿತು. 1975ರಲ್ಲಿ ಅದು ಐಇಇಇ ಎಂಬ ಇಂಜಿನಿಯರುಗಳ ಸಂಸ್ಥೆಯ 488ನೇ ಮಾನಕವಾಯಿತು, ಅಂದರೆ ಐಇಇಇ 488. ಜಿಪಿಐಬಿ ಅದರದೇ ಇನ್ನೊಂದು ಹೆಸರು. ಕನೆಕ್ಟರಿಗೆ 24 ಪಿನ್ನು. ಒಂದರ ಬೆನ್ನಿಗೆ ಇನ್ನೊಂದನ್ನು ಸಿಕ್ಕಿಸುತ್ತಾ ಹೋಗಬಹುದು. ಕಂಪ್ಯೂಟರೂ ಸೇರಿ ಒಟ್ಟು 15 ಉಪಕರಣ, ಎಲ್ಲ ಕೇಬಲ್ ಸೇರಿ 20 ಮೀಟರಿನೊಳಗೆ. ಇಂಥ ಉಪಕರಣಗಳಿಗೆ ಆಯಸ್ಸು ಜಾಸ್ತಿ. ಎಷ್ಟೋ ವರ್ಷ ಹಿಂದೆ ಕೊಂಡ ವೋಲ್ಟ್‌ಮೀಟರು ಇವತ್ತೂ ಕರಾರುವಾಕ್ಕಾಗಿ ಅಳೆಯುತ್ತದೆ. ಅದರ ಜೊತೆ ಬಂದ ಕಾರ್ಡು ಮಾತ್ರ ಐಎಸ್‌ಎ ಎಂಬ ಹಳೆಯ ಮಾದರಿಯ ಸ್ಲಾಟಿನದು. ಈಗ ಅಂಗಡಿಯಲ್ಲಿ ಸಿಗುವ ಕಂಪ್ಯೂಟರುಗಳಲ್ಲಿ ಆ ಸ್ಲಾಟೇ ಇರುವುದಿಲ್ಲ. ಯುಎಸ್‌ಬಿಗೆ ಹಾಕುವ ಅಡಾಪ್ಟರು ಸಿಗುತ್ತದೆ, ಆದರೆ ಬೆಲೆ ನೋಡಿದರೆ ನಮ್ಮ ಲ್ಯಾಬಿನ ಬಜೆಟ್ಟಿಗೆ ಎಟುಕುವುದಿಲ್ಲ. ಅದಕ್ಕೇ ಹಳೇ ಕಂಪ್ಯೂಟರನ್ನು ಜೋಪಾನ ಮಾಡಿಕೊಂಡು ಬಂದಿದ್ದೇವೆ.

ಮೊದಲು ‘ವಿಳಾಸ’.

ಕಾರ್ಡಿನ ಮೇಲೆ ಸಣ್ಣ ಸಣ್ಣ ಸ್ವಿಚ್ಚುಗಳ ಒಂದು ಸಾಲು ಇರುತ್ತದೆ. ಪ್ರೊಸೆಸರು ಈ ಕಾರ್ಡನ್ನು ಎಲ್ಲಿ ಹುಡುಕಬೇಕು ಅನ್ನುವುದನ್ನು ಅಲ್ಲಿ ಹೇಳಬೇಕು. ನ್ಯಾಷನಲ್ ಇನ್‌ಸ್ಟ್ರುಮೆಂಟ್ಸ್‌ನ ಎಟಿ-ಜಿಪಿಐಬಿ ಕಾರ್ಡನ್ನು ಕಾರ್ಖಾನೆಯಲ್ಲಿ 2ಸಿ0 ಎಂದು ಇಟ್ಟು ಕಳಿಸುತ್ತಿದ್ದರು. ಇದು ಹದಿನಾರರ ಲೆಕ್ಕ (ಅದರಲ್ಲಿ ‘ಸಿ’ ಎಂದರೆ 12), ನಮ್ಮ ಹತ್ತರ ಲೆಕ್ಕದಲ್ಲಿ 704. ಇದೊಂದು ವಿಳಾಸ.

ವೋಲ್ಟ್‌ಮೀಟರಿಗೂ ಒಂದು ವಿಳಾಸ ಬೇಕು. ಅದು 0ಯಿಂದ 30ರೊಳಗಿನ ಒಂದು ಸಂಖ್ಯೆ. ಹಳೆಯ ಉಪಕರಣಗಳಲ್ಲಿ ಹಿಂಬದಿಯ ಐದು ಸ್ವಿಚ್ಚುಗಳಲ್ಲಿ ಇಡಬೇಕು, ಆಮೇಲಿನವುಗಳಲ್ಲಿ ಮುಂದಿನ ಗುಂಡಿ ಒತ್ತಿ ಇಡಬಹುದು. ಎಚ್‌ಪಿ 34401ಎ ಮೀಟರು ಕಾರ್ಖಾನೆಯಿಂದ 22 ಎಂದು ಬರುತ್ತಿತ್ತು. 31 ಯಾರಿಗೂ ಇಲ್ಲ. ‘ಎಲ್ಲರೂ ಕಿವಿ ಮುಚ್ಚಿಕೊಳ್ಳಿ’, ‘ಎಲ್ಲರೂ ಬಾಯಿ ಮುಚ್ಚಿ’ ಎಂಬ ಎರಡು ಅಪ್ಪಣೆಗಳಿಗೆ ಆ ಸಂಖ್ಯೆ ಮೀಸಲು.

ಇಲ್ಲಿಗೆ ಮುಗಿಯಲಿಲ್ಲ. ಕಾರ್ಡು ಕೂಡ ಆ ಕೇಬಲಿನ ಮೇಲಿನ ಒಬ್ಬ ಸದಸ್ಯನೇ ಅಲ್ವಾ? ಹಾಗಾಗಿ ಅದಕ್ಕೂ 0ಯಿಂದ 30ರೊಳಗೆ ಒಂದು ಬೇಕು. ಸಾಮಾನ್ಯವಾಗಿ 0 ಇಡುತ್ತಾರೆ. ಅಂದರೆ ಒಂದೇ ಕಾರ್ಡಿಗೆ ಎರಡು ವಿಳಾಸ. ಕಂಪ್ಯೂಟರಿನ ಒಳಗಡೆಗೆ 2ಸಿ0, ಕೇಬಲಿನ ಕಡೆಗೆ 0.

ನಮ್ಮಲ್ಲಿದ್ದ ಹಳೆಯ ಹಾಳೆಯಲ್ಲಿ ‘ಎರಡು ಉಪಕರಣಗಳಿಗೆ ಒಂದೇ ವಿಳಾಸ ಬಂದರೆ ಬದಲಾಯಿಸಿ’ ಎಂದಿತ್ತು. ಒಬ್ಬ ವಿದ್ಯಾರ್ಥಿ ಕಂಪ್ಯೂಟರಿನ ಮುಚ್ಚಳ ಬಿಚ್ಚಿ ಕಾರ್ಡಿನ ಸ್ವಿಚ್ಚನ್ನೇ ಆಚೀಚೆ ಮಾಡಿದ. ಕಾರ್ಡು ಅಡ್ರೆಸ್ಸಿಗಿಲ್ಲದಂತಾಯಿತು. ಆ ಹುಡುಗನನ್ನು ಬಯ್ಯುವಂತಿಲ್ಲ. ಹಾಳೆಯಲ್ಲಿ ಇದ್ದದ್ದನ್ನೇ ಅವನು ಮಾಡಿದ್ದ.

ಇಂಗ್ಲಿಷಿನಲ್ಲೂ ಎರಡಕ್ಕೂ ಒಂದೇ ಪದ. ಅಲ್ಲಿ ಒಂದಕ್ಕೆ ‘ಬೇಸ್’, ಇನ್ನೊಂದಕ್ಕೆ ‘ಪ್ರೈಮರಿ’ ಎಂದು ಮುಂದೆ ಸೇರಿಸಿ ಪಾರಾಗುತ್ತಾರೆ. ಅದನ್ನು ಕನ್ನಡಕ್ಕೆ ತಂದರೆ ‘ಮೂಲ ವಿಳಾಸ’, ‘ಪ್ರಾಥಮಿಕ ವಿಳಾಸ’ ಆಗುತ್ತದೆ. ಓದುವವರಿಗೆ ಎರಡೂ ಒಂದೇ ಥರ ಕೇಳಿಸುತ್ತವೆ. ‘ಮೂಲ ವಿಳಾಸ’ ಅಂದರೆ ಅರ್ಜಿ ನಮೂನೆಯಲ್ಲಿ ತುಂಬಿಸುವ ಖಾಯಂ ವಿಳಾಸ ಎಂದೂ ಅನ್ನಿಸಬಹುದು.

ಎಚ್‌ಪಿಯವರ ಹಳೆಯ ಬೇಸಿಕ್ ಎಂಬ ಪ್ರೋಗ್ರಾಮಿನ ಭಾಷೆಯಲ್ಲಿ ಇದಕ್ಕೊಂದು ಚೆಂದದ ದಾರಿ ಇತ್ತು. ವೋಲ್ಟ್‌ಮೀಟರಿಗೆ ಏನಾದರೂ ಕಳಿಸಬೇಕಾದರೆ 722 ಎಂದು ಬರೆಯುತ್ತಿದ್ದರು. ಮೊದಲಿನ 7 ಕಂಪ್ಯೂಟರಿನ ಕಡೆಯ ಜೋಡಣೆಯ ಗುರುತು, ಆಮೇಲಿನ 22 ಉಪಕರಣದ್ದು. ಎರಡನ್ನೂ ಒಂದೇ ಸಂಖ್ಯೆಯಲ್ಲಿ ಹೊಸೆದಿದ್ದರು. ಅದನ್ನು ಬಲ್ಲವರು 2ಸಿ0ಯ ಹತ್ತರ ಲೆಕ್ಕ 704 ಎಂದು ಕೇಳಿದರೆ ‘7ನೇ ಜೋಡಣೆಯ 4ನೇ ಉಪಕರಣವಾ?’ ಎಂದಾರು. ಅದು ಬರೀ ಕಾಕತಾಳೀಯ. ಆದರೆ ಹಾಳೆಯಲ್ಲಿ 704 ಎಂದು ಬರೆಯಬಾರದು, 2ಸಿ0 ಎಂದೇ ಬರೆಯಬೇಕು ಅನ್ನುವುದಕ್ಕೆ ಇದೂ ಒಂದು ಕಾರಣ.

ನನ್ನ ಯೋಚನೆ ಹೀಗಿದೆ. ‘ವಿಳಾಸ’ವನ್ನು 2ಸಿ0ಗೆ ಮಾತ್ರ ಬಿಟ್ಟುಬಿಡೋಣ. 0ಯಿಂದ 30ರವರೆಗಿನದಕ್ಕೆ ಬೇರೆ ಪದ ಬೇಕು. ಲ್ಯಾಬಿನಲ್ಲಿ ಈಗಾಗಲೇ ‘22ನೇ ನಂಬರಿನ ಮೀಟರು’ ಅನ್ನುತ್ತಾರೆ. ಆದರೆ ಬರೀ ‘ನಂಬರು’ ಎಂದರೆ ಮಾಡೆಲ್ ನಂಬರು, ಸೀರಿಯಲ್ ನಂಬರು, ದಾಸ್ತಾನು ಪುಸ್ತಕದ ನಂಬರು ಎಲ್ಲವೂ ಇವೆ. ‘ಬಸ್ ನಂಬರು’ ಎಂದು ಯಾರೋ ಸೂಚಿಸಿದರು. ತಾಂತ್ರಿಕವಾಗಿ ಸರಿ, ಹಲವು ಉಪಕರಣಗಳು ಹಂಚಿಕೊಳ್ಳುವ ತಂತಿಗಳಿಗೆ ‘ಬಸ್’ ಎಂದೇ ಹೆಸರು. ಆದರೆ ‘22ನೇ ಬಸ್ ನಂಬರು’ ಎಂದರೆ ಹುಡುಗರು ನಿಲ್ದಾಣದ ಕಡೆ ನೋಡುತ್ತಾರೆ. ‘ಸಾಲು ಸಂಖ್ಯೆ’ ಎಂದರೆ ಉಪಕರಣಗಳನ್ನು ಸಂಖ್ಯೆಯ ಕ್ರಮದಲ್ಲೇ ಜೋಡಿಸಬೇಕು ಅನ್ನಿಸುತ್ತದೆ. ಹಾಗೇನೂ ಇಲ್ಲ, ಯಾವುದು ಎಲ್ಲಿ ಬೇಕಾದರೂ ಇರಬಹುದು.

ಕೊನೆಗೆ ‘ಹಾಜರಿ ಸಂಖ್ಯೆ’ಗೆ ಬಂದು ನಿಂತಿದ್ದೇನೆ. ಶಾಲೆಯಲ್ಲಿ ಮೇಷ್ಟ್ರು ಹಾಜರಿ ಕೂಗುವ ಹಾಗೇ ಇದು. ಯಾರ ಸಂಖ್ಯೆ ಕರೆದರೋ ಅವರೇ ಉತ್ತರ ಕೊಡಬೇಕು. ಒಂದೇ ಸಂಖ್ಯೆ ಇಬ್ಬರಿಗೆ ಇದ್ದರೆ ಇಬ್ಬರೂ ಒಟ್ಟಿಗೆ ಕೂಗಿ ಯಾರದೂ ಕೇಳಿಸುವುದಿಲ್ಲ. ಯಾವ ಬೆಂಚಿನಲ್ಲಿ ಕೂತಿದ್ದೀರಿ ಅನ್ನುವುದು ಲೆಕ್ಕಕ್ಕಿಲ್ಲ. ಅರ್ಥ ಸರಿಯಾಗಿ ಕೂರುತ್ತದೆ. ಆದರೆ ಪದವಿ ತರಗತಿಯ ಹಾಳೆಗೆ ಇದು ಚಿಕ್ಕಮಕ್ಕಳ ಮಾತಿನಂತೆ ಆಗುತ್ತದಾ? ಇದು ನನ್ನ ಮೊದಲ ಪ್ರಶ್ನೆ.

ಇನ್ನು ‘ಕೇಳು’. ಇದು ಇನ್ನೂ ಗಟ್ಟಿ ಗಂಟು.

ಜಿಪಿಐಬಿಯಲ್ಲಿ ಯಾವುದೇ ಹೊತ್ತಿನಲ್ಲಿ ಒಂದೇ ಒಂದು ಉಪಕರಣ ಹೇಳುತ್ತಿರುತ್ತದೆ. ಒಂದೋ ಹಲವೋ ಕೇಳಿಸಿಕೊಳ್ಳುತ್ತಿರುತ್ತವೆ. ಯಾರು ಹೇಳಬೇಕು, ಯಾರು ಕೇಳಿಸಿಕೊಳ್ಳಬೇಕು ಎಂದು ತೀರ್ಮಾನಿಸುವುದು ಕಂಟ್ರೋಲರು, ಅಂದರೆ ನಮ್ಮ ಕಾರ್ಡು. ಕೇಬಲಿನಲ್ಲಿ ಎಂಟು ತಂತಿ ಮಾಹಿತಿಗೆ, ಐದು ಆಡಳಿತಕ್ಕೆ. ಉಳಿದ ಮೂರು ‘ಸಿದ್ಧವಾ?’, ‘ತಗೋ’, ‘ಸಿಕ್ಕಿತು’ ಎಂಬ ಮಾತುಕತೆಗೆ. ಕೇಳಿಸಿಕೊಳ್ಳುವವರೆಲ್ಲ ‘ಸಿಕ್ಕಿತು’ ಎನ್ನುವವರೆಗೆ ಮುಂದಿನ ಬೈಟು ಹೊರಡುವುದಿಲ್ಲ. ಒಬ್ಬ ನಿಧಾನದವನಿದ್ದರೆ ಎಲ್ಲರೂ ಅವನಿಗಾಗಿ ಕಾಯಬೇಕು.

ಈಗ ನೋಡಿ. ಕಾರ್ಡು ಸರಿಯಾಗಿದೆಯಾ ಎಂದು ಪರೀಕ್ಷಿಸಲು ಮೊದಲು ಮಾಡುವ ಕೆಲಸ, ಉಪಕರಣಕ್ಕೆ ‘ನೀನು ಯಾರು’ ಎನ್ನುವುದು. ಇದಕ್ಕೆ 1987ರ ಐಇಇಇ 488.2 ಮಾನಕದಲ್ಲಿ ಐಡಿಎನ್ ಎಂಬ ಪ್ರಶ್ನೆಯನ್ನೇ ಗೊತ್ತು ಮಾಡಿದ್ದಾರೆ. ಉತ್ತರವಾಗಿ ತಯಾರಕರ ಹೆಸರು, ಮಾಡೆಲ್, ಸೀರಿಯಲ್ ನಂಬರು, ಒಳಗಿನ ಪ್ರೋಗ್ರಾಮಿನ ಆವೃತ್ತಿ ಬರಬೇಕು. ಇದನ್ನು ಹಾಳೆಯಲ್ಲಿ ‘ಕಂಪ್ಯೂಟರು ವೋಲ್ಟ್‌ಮೀಟರನ್ನು ಕೇಳುತ್ತದೆ’ ಎಂದು ಬರೆಯುವುದು ಸಹಜ. ಆದರೆ ಆ ಕ್ಷಣದಲ್ಲಿ ಕಂಪ್ಯೂಟರು ಹೇಳುವ ಕಡೆ ಇದೆ. ಕೇಳುವುದು, ಅಂದರೆ ಕಿವಿಗೊಡುವುದು, ವೋಲ್ಟ್‌ಮೀಟರು! ಮುಂದಿನ ವಾಕ್ಯದಲ್ಲೇ ‘ಈಗ ವೋಲ್ಟ್‌ಮೀಟರು ಕೇಳುವ ಸ್ಥಿತಿಯಲ್ಲಿದೆ’ ಎಂದರೆ ವಿದ್ಯಾರ್ಥಿ ತಲೆ ಕೆರೆದುಕೊಳ್ಳುತ್ತಾನೆ.

ಇದಕ್ಕೆ ಮೂರನೇ ಅರ್ಥವೂ ಸೇರುತ್ತದೆ. ‘ಮೀಟರು ಕಂಪ್ಯೂಟರಿನ ಮಾತು ಕೇಳುತ್ತಿಲ್ಲ’ ಎಂದರೆ ಕಿವಿಗೆ ಬಿದ್ದಿಲ್ಲ ಎಂದೋ, ಬಿದ್ದರೂ ಹೇಳಿದ ಹಾಗೆ ನಡೆಯುತ್ತಿಲ್ಲ ಎಂದೋ? ದೋಷ ಹುಡುಕುವಾಗ ಈ ಎರಡೂ ಬೇರೆ ಬೇರೆ. ಮೊದಲನೆಯದಾದರೆ ಕೇಬಲ್ಲು, ಹಾಜರಿ ಸಂಖ್ಯೆ ನೋಡಬೇಕು. ಎರಡನೆಯದಾದರೆ ಕಳಿಸಿದ ಆದೇಶದ ಕಾಗುಣಿತ ನೋಡಬೇಕು. ಮೂರೂ ಅರ್ಥ ಒಂದೇ ಪದಕ್ಕೆ ಸೇರುವ ಈ ಗೊಂದಲ ಇಂಗ್ಲಿಷಿನಲ್ಲಿ ಇಷ್ಟಿಲ್ಲ. ಕನ್ನಡದಲ್ಲಿ ಬರೆಯುವವರೇ ಬಿಡಿಸಿಕೊಳ್ಳಬೇಕು.

ಪದಕೋಶ ಮಾಡುವವರು ಇಲ್ಲಿ ಸಾಮಾನ್ಯವಾಗಿ ‘ಮಾತುಗ’, ‘ಕೇಳುಗ’ ಎಂಬಂಥ ನಾಮಪದ ಮಾಡಲು ಹೊರಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ‘ಕೇಳುಗ’ ಎಂದರೆ ರೇಡಿಯೋ ಕೇಳುಗ, ಯಾವಾಗಲೂ ಕೇಳುತ್ತಲೇ ಇರುವವನು. ವೋಲ್ಟ್‌ಮೀಟರು ಹಾಗಲ್ಲ. ಒಂದು ಕ್ಷಣ ಕಿವಿಗೊಡುತ್ತದೆ, ಮರುಕ್ಷಣ ಅಳತೆ ಹೇಳುತ್ತದೆ. ಇದು ಯಾರ ಗುಣವೂ ಅಲ್ಲ, ಬರೀ ಸರದಿ. ಅದಕ್ಕೇ ‘ಹೇಳುವ ಸರದಿ’, ‘ಆಲಿಸುವ ಸರದಿ’ ಎಂದು ಬರೆದಿದ್ದೇನೆ. ‘ವೋಲ್ಟ್‌ಮೀಟರಿಗೆ ಈಗ ಹೇಳುವ ಸರದಿ ಬಂದಿದೆ’ ಎಂದರೆ ನಡೆಯುತ್ತಿರುವುದು ಕಣ್ಣಿಗೆ ಕಟ್ಟುತ್ತದೆ. ಪ್ರಶ್ನೆ ಕೇಳುವುದಕ್ಕೆ ‘ವಿಚಾರಿಸು’. ಹೇಳಿದಂತೆ ನಡೆಯುವುದಕ್ಕೆ ‘ಪಾಲಿಸು’. ಇಡೀ ಹಾಳೆಯಲ್ಲಿ ‘ಕೇಳು’ ಅನ್ನುವ ಪದವನ್ನೇ ಬಳಸಿಲ್ಲ. ‘ಆಲಿಸು’ ಸ್ವಲ್ಪ ಭಾಷಣದ ಪದ ಅನ್ನಿಸುತ್ತದೆ, ಗೊತ್ತು. ‘ಕಿವಿಗೊಡು’ ಇನ್ನೂ ಚೆನ್ನಾಗಿದೆ, ಆದರೆ ‘ಕಿವಿಗೊಡುವ ಸರದಿ’ ಉದ್ದವಾಯಿತು. ಬೇರೆ ಯಾವುದಾದರೂ ಹೊಳೆದರೆ ತಿಳಿಸಿ. ಇದು ಎರಡನೇ ಪ್ರಶ್ನೆ.

ಉಳಿದವು ಚಿಕ್ಕವು.

ಕಾರ್ಡು ಪ್ರೊಸೆಸರಿನ ಗಮನ ಸೆಳೆಯುವ ಇಂಟರಪ್ಟಿಗೆ ‘ಅಡಚಣೆ’ ಎಂದು ಬರೆಯುವುದನ್ನು ನೋಡಿದ್ದೇನೆ. ಅಡಚಣೆ ಎಂದರೆ ತೊಂದರೆ. ‘ಕಾರ್ಡಿಗೆ 11ನೇ ಅಡಚಣೆ ಕೊಡಿ’ ಎಂದರೆ ಯಾರಾದರೂ ಹೆದರುತ್ತಾರೆ. ‘ಕರೆ’ ಸಾಕಲ್ವಾ? ‘11ನೇ ಕರೆ’. ಇದು ಬರೀ ಹೆಸರಿನ ಮಾತಲ್ಲ, ಏಕೆಂದರೆ ಇಲ್ಲಿ ಜಗಳ ಬರುತ್ತದೆ. ಇನ್ನೂ ಹಳೆಯ ಪಿಸಿ-2ಎ ಕಾರ್ಡು ಕಾರ್ಖಾನೆಯಿಂದ 7ನೇ ಕರೆಗೆ ಇಟ್ಟು ಬರುತ್ತಿತ್ತು. ಮೊದಲ ಪ್ರಿಂಟರ್ ಪೋರ್ಟಿನದೂ 7. ‘ಒಂದೇ ಕರೆಯನ್ನು ಇಬ್ಬರಿಗೆ ಕೊಡಬೇಡಿ’ ಎಂದರೆ ಥಟ್ಟನೆ ಅರ್ಥವಾಗುತ್ತದೆ. ಡಿಎಂಎ (ಪ್ರೊಸೆಸರಿನ ಕೈ ದಾಟದೆ ಮಾಹಿತಿ ನೇರವಾಗಿ ಮೆಮೊರಿಗೆ ಹೋಗುವ ವ್ಯವಸ್ಥೆ) ಹಾಗೇ ಇರಲಿ, ಅದನ್ನು ಮುಟ್ಟುವುದಿಲ್ಲ.

‘ಹಾಕು’ ಬಗ್ಗೆಯೂ ಎಚ್ಚರ ಬೇಕು. ನಾವು ಕಾರ್ಡು ಹಾಕುತ್ತೇವೆ, ಜಂಪರ್ ಹಾಕುತ್ತೇವೆ, ಸ್ಕ್ರೂ ಹಾಕುತ್ತೇವೆ, ಸಾಫ್ಟ್‌ವೇರೂ ಹಾಕುತ್ತೇವೆ. ಅಲ್ಲೆಲ್ಲ ತೊಂದರೆಯಿಲ್ಲ. ‘ಸ್ವಿಚ್ ಹಾಕಿ’ ಎಂದಾಗ ಮಾತ್ರ ಕೆಡುತ್ತದೆ. ಎಟಿ-ಜಿಪಿಐಬಿ ಕಾರ್ಡಿನಲ್ಲಿ ಸ್ವಿಚ್ಚು ಆನ್ ಇದ್ದರೆ 0, ಆಫ್ ಇದ್ದರೆ 1. ಮನೆಯ ದೀಪದ ಲೆಕ್ಕಕ್ಕೆ ಪೂರ್ತಿ ಉಲ್ಟಾ. 2ಸಿ0 ಬೇಕೆಂದರೆ ಐದು ಸ್ವಿಚ್ಚುಗಳು ಆಫ್, ಆನ್, ಆಫ್, ಆಫ್, ಆನ್ ಇರಬೇಕು. ಇಲ್ಲಿ ಯಾವ ಪದವೂ ಬೇಡ, ಚಿತ್ರ ಹಾಕುವುದೇ ಸರಿ ಎಂದು ತೀರ್ಮಾನಿಸಿದ್ದೇನೆ.

ಇನ್‌ಸ್ಟಾಲ್‌ಗೆ ‘ಅನುಸ್ಥಾಪಿಸು’, ಕಾನ್ಫಿಗರ್‌ಗೆ ‘ಸಂರಚಿಸು’ ಎಂದು ಕಂಪ್ಯೂಟರಿನ ಕನ್ನಡ ಪರದೆಗಳಲ್ಲಿ ಬರುತ್ತದೆ. ನಾನು ‘ಕೂರಿಸು’, ‘ಹೊಂದಿಸು’ ಎಂದು ಬರೆದಿದ್ದೇನೆ. ‘ಕಾರ್ಡನ್ನು ಸ್ಲಾಟಿನಲ್ಲಿ ಕೂರಿಸಿ’ ಎಂದರೆ ಎರಡೂ ತುದಿ ಸಮನಾಗಿ ಒತ್ತಿ ಗಟ್ಟಿಯಾಗಿ ಇಳಿಸಬೇಕು ಅನ್ನುವುದೂ ಅದರಲ್ಲೇ ಬಂತು. ಧಾರವಾಡದ ಕಡೆಯ ಗೆಳೆಯರು ‘ಕೂಡ್ರಿಸಿ’ ಅನ್ನುತ್ತಾರೆ, ಅದೂ ಸರಿಯೇ. ‘ಕೂಡಿಸಿ’ ಎಂದು ಬರೆದರೆ ಮಾತ್ರ ಮೈಸೂರಿನವರು ಲೆಕ್ಕ ಮಾಡಲು ಕೂರುತ್ತಾರೆ.

ಇನ್ನೊಂದು ತಮಾಷೆ. ಈ ಕಾರ್ಡಿನ ಇಂಗ್ಲಿಷ್ ಹೆಸರನ್ನು ಯಂತ್ರಾನುವಾದಕ್ಕೆ ಕೊಟ್ಟಾಗ ‘ವಾದ್ಯ’ದ ಕಾರ್ಡು ಎಂದು ಬಂತು; ‘ಇನ್‌ಸ್ಟ್ರುಮೆಂಟ್’ ಎಂದರೆ ಉಪಕರಣವೂ ಹೌದು, ವಾದ್ಯವೂ ಹೌದು. ನಗುವ ಮೊದಲು ಒಂದು ಮಾತು: ನಿಜವಾದ ವಾದ್ಯದ ಕಾರ್ಡೂ ಇದೆ. ರೋಲ್ಯಾಂಡ್ ಕಂಪನಿಯ ಎಂಪಿಯು-401 ಕೀಬೋರ್ಡ್ ವಾದ್ಯಗಳನ್ನು ಕಂಪ್ಯೂಟರಿಗೆ ಜೋಡಿಸುವಂಥದ್ದು. ಅದರ ವಿಳಾಸ ಹದಿನಾರರ ಲೆಕ್ಕದಲ್ಲಿ 330. ಅಲ್ಲಿ ‘ವಾದ್ಯ’ವೇ ಸರಿಯಾದ ಪದ.

ಹಾಳೆಯ ಮುಖ್ಯ ಭಾಗ ಸದ್ಯಕ್ಕೆ ಹೀಗಿದೆ. ಓದಿ, ಎಲ್ಲಿ ಎಡವುತ್ತೀರಿ ಹೇಳಿ:

‘ಕಂಪ್ಯೂಟರಿನ ಪ್ಲಗ್ ಕಿತ್ತು ಮುಚ್ಚಳ ತೆಗೆಯಿರಿ. ಕಾರ್ಡು ಮುಟ್ಟುವ ಮೊದಲು ಕಂಪ್ಯೂಟರಿನ ಬಣ್ಣವಿಲ್ಲದ ಲೋಹದ ಭಾಗವನ್ನು ಒಮ್ಮೆ ಮುಟ್ಟಿ. ಕಾರ್ಡಿನ ಸ್ವಿಚ್ಚುಗಳು ಚಿತ್ರದಲ್ಲಿ ಇರುವಂತೆಯೇ ಇವೆಯಾ ನೋಡಿ. ಇದು ಕಾರ್ಡಿನ ವಿಳಾಸ, ಇದನ್ನು ಬದಲಾಯಿಸಬೇಡಿ. ಕಾರ್ಡನ್ನು ಸ್ಲಾಟಿನಲ್ಲಿ ಕೂರಿಸಿ ಸ್ಕ್ರೂ ಹಾಕಿ. ಪ್ರತಿ ಉಪಕರಣಕ್ಕೂ ಬೇರೆ ಬೇರೆ ಹಾಜರಿ ಸಂಖ್ಯೆ ಕೊಡಿ. 0 ಕಾರ್ಡಿನದು, ಅದನ್ನು ಬೇರೆ ಯಾವುದಕ್ಕೂ ಕೊಡಬೇಡಿ. ವೋಲ್ಟ್‌ಮೀಟರಿಗೆ ಆಲಿಸುವ ಸರದಿ ಕೊಟ್ಟು ಅದು ಯಾರೆಂದು ವಿಚಾರಿಸಿ. ಆಮೇಲೆ ಅದಕ್ಕೆ ಹೇಳುವ ಸರದಿ ಕೊಡಿ. ಉತ್ತರ ಬರದಿದ್ದರೆ ಮೊದಲು ಕೇಬಲನ್ನೂ ಹಾಜರಿ ಸಂಖ್ಯೆಯನ್ನೂ ನೋಡಿ. ಕಾರ್ಡಿನ ವಿಳಾಸವನ್ನು ಮುಟ್ಟಬೇಡಿ.’

ಮುದ್ರಿಸಿ ಲ್ಯಾಮಿನೇಟ್ ಮಾಡಿಸುವ ಮೊದಲು ತಿದ್ದಲು ಸಮಯವಿದೆ. ಹಾಜರಿ ಸಂಖ್ಯೆ ಮತ್ತು ಆಲಿಸುವ ಸರದಿ, ಈ ಎರಡರ ಬಗ್ಗೆಯಾದರೂ ಅಭಿಪ್ರಾಯ ತಿಳಿಸಿ. ಲ್ಯಾಬಿನಲ್ಲಿ, ವರ್ಕ್‌ಶಾಪಿನಲ್ಲಿ ಕೆಲಸ ಮಾಡಿದವರು ಅಲ್ಲಿ ಆಡುವ ಮಾತು ಬೇರೆ ಇದ್ದರೆ ಅದನ್ನೇ ಬರೆಯಿರಿ. ಅದನ್ನೇ ಮೊದಲು ತಗೋತೀನಿ.