ಫೈಲ್‌ಸಿಸ್ಟಮ್ ಕೋಡಲ್ಲಿ ಸತ್ತ ಎರರ್ ಚೆಕ್‌ಗಳು: ಎಲ್ಲಾ ಕಿತ್ತು ಹಾಕ್ಬಹುದಾ?

ಪ್ರಶ್ನೆ:
ಲಿನಕ್ಸ್ ಕರ್ನಲ್‌ಗೆ ಬರೆದಿರೋ ಒಂದು ಹಳೇ ಫೈಲ್‌ಸಿಸ್ಟಮ್ ಕೋಡ್ ಕ್ಲೀನ್ ಮಾಡ್ತಾ ಇದೀನಿ. ಯಾವತ್ತೂ ನಿಜ ಆಗದ ಚೆಕ್‌ಗಳು ಕಾಣ್ತಿವೆ. ಬಯೋ_ಅಲಾಕ್ (ಡಿಸ್ಕ್ ಐಓಗೆ ಬೇಕಾದ ಮೆಮೊರಿ ಕೊಡೋ ಫಂಕ್ಷನ್) ಆದ್ಮೇಲೆ ನಲ್ ಚೆಕ್, ಅಂದ್ರೆ ಪಾಯಿಂಟರ್ ಖಾಲಿನಾ ಅಂತ ನೋಡೋದು, ಎಸ್‌ಬಿ_ಬ್ರೀಡ್ (ಡಿಸ್ಕಿಂದ ಒಂದು ಬ್ಲಾಕ್ ಓದೋದು) ಆದ್ಮೇಲೆ ಈಸ್_ಎರ್ ಚೆಕ್, ಅಂದ್ರೆ ಪಾಯಿಂಟರಲ್ಲಿ ಎರರ್ ಕೋಡ್ ಇದೆಯಾ ಅಂತ ನೋಡೋದು. ಎಸ್‌ಬಿ_ಗೆಟ್‌ಬ್ಲಾಕ್ (ಡಿಸ್ಕ್ ಓದದೇ ಬ್ಲಾಕ್‌ನ ಬಫರ್ ಮಾತ್ರ ಕೊಡೋದು) ಮೇಲಂತೂ "ಇದು ಫೇಲ್ ಆಗಲ್ಲ" ಅಂತ ಕಾಮೆಂಟ್ ಇದೆ, ಆದ್ರೂ ಕೆಳಗೆ ನಲ್ ಚೆಕ್ ಇಟ್ಟಿದಾರೆ. ಮೂರೂ ತೆಗೆದು ಒಂದೇ ಪ್ಯಾಚ್ ಕಳಿಸ್ಲಾ?

ಉತ್ತರ:
ಬೇಡ ಸರ್, ಮೂರೂ ಬೇರೆ ಬೇರೆ ಕೇಸು.

ಬಯೋ_ಅಲಾಕ್‌ಗೆ ಯಾವ ಫ್ಲ್ಯಾಗ್ (ಮೆಮೊರಿ ಹೇಗೆ ಹುಡುಕ್ಬೇಕು ಅನ್ನೋ ಸೂಚನೆ) ಕೊಟ್ಟಿದೆ ನೋಡಿ. ಜಿಎಫ್‌ಪಿ_ನೋಎಫ್‌ಎಸ್ ಥರದ್ದಾದ್ರೆ ಅದು ಮೆಮೊರಿ ಸಿಗೋವರೆಗೂ ಕಾಯುತ್ತೆ, ನಲ್ ಬರಲ್ಲ, ಚೆಕ್ ಧಾರಾಳವಾಗಿ ತೆಗೀರಿ. ಜಿಎಫ್‌ಪಿ_ಅಟಾಮಿಕ್ ಇದ್ರೆ ಮಾತ್ರ ಮುಟ್ಬೇಡಿ, ಅಲ್ಲಿ ಕಾಯೋ ಹಾಗಿಲ್ಲ, ಫೇಲ್ ಆಗಬಹುದು.

ಎಸ್‌ಬಿ_ಬ್ರೀಡ್‌ದೇ ಅಪಾಯದ್ದು. ಡಿಸ್ಕ್ ಓದೋಕೆ ಆಗದೇ ಇದ್ರೆ ಅದು ನಲ್ ಕೊಡುತ್ತೆ, ಎರರ್ ಪಾಯಿಂಟರ್ ಅಲ್ಲ, ಈಸ್_ಎರ್‌ಗೆ ನಲ್ ಎರರ್ ಅಂತ ಅನ್ಸೋದೇ ಇಲ್ಲ, ಹಾಗಾಗಿ ಕೋಡ್ ಮುಂದಕ್ಕೆ ಹೋಗಿ ಬಿ_ಡೇಟಾ (ಓದಿದ ಬ್ಲಾಕ್‌ನ ಡೇಟಾ) ಮುಟ್ಟಿದ ತಕ್ಷಣ ಕರ್ನಲ್ ಊಪ್ಸ್, ಅಂದ್ರೆ ಕರ್ನಲ್ ಒಳಗೇ ಕ್ರ್ಯಾಶ್. ನೀವು ಸತ್ತಿದೆ ಅಂದ್ಕೊಂಡಿರೋ ಈ ಚೆಕ್ ನಿಜವಾಗಿ ತಪ್ಪಾಗಿ ಬರೆದಿರೋ ಚೆಕ್. ತೆಗೆದ್ರೆ ಬಗ್ ಹಾಗೇ ಉಳಿಯುತ್ತೆ, ಇಲ್ಲಿ ಏನೋ ಚೆಕ್ ಬೇಕಿತ್ತು ಅನ್ನೋ ಸುಳಿವೂ ಹೋಗುತ್ತೆ. ಅದನ್ನ ನಲ್ ಚೆಕ್ ಮಾಡಿ, ಮೈನಸ್ ಇಐಓ (ಐಓ ಎರರ್ ಕೋಡ್) ವಾಪಸ್ ಕೊಡಿ. ನನ್ನ ಪ್ರಕಾರ ಇಡೀ ಕ್ಲೀನಪ್‌ನಲ್ಲಿ ಮುಖ್ಯವಾದದ್ದು ಇದೊಂದೇ.

ಎಸ್‌ಬಿ_ಗೆಟ್‌ಬ್ಲಾಕ್‌ದು ಉಲ್ಟಾ, ಚೆಕ್ ಸರಿ, ಕಾಮೆಂಟೇ ಸುಳ್ಳು. ಡಿವೈಸ್‌ನ ಕೊನೆ ದಾಟಿದ ಬ್ಲಾಕ್ ನಂಬರ್ ಕೊಟ್ರೆ ನಲ್ ಬರುತ್ತೆ, ಕೆಟ್ಟುಹೋದ ಡಿಸ್ಕ್ ಇಮೇಜಲ್ಲಿ ಅಂಥ ನಂಬರ್ ಸಿಗೋದು ದೊಡ್ಡ ವಿಷಯ ಅಲ್ಲ. ಕಾಮೆಂಟ್ ತೆಗೀರಿ, ಚೆಕ್ ಇರ್ಲಿ.

ಪ್ರಶ್ನೆ ಕೇಳಿದವರು:
ಈಸ್_ಎರ್ ವಿಷಯ ತಲೆಗೇ ಹೊಳೆದಿರ್ಲಿಲ್ಲ, ಥ್ಯಾಂಕ್ಸ್. ಇವನ್ನ ಟೆಸ್ಟ್ ಮಾಡೋದು ಹೇಗೆ?

ಉತ್ತರ:
ಡಿವೈಸ್ ಮ್ಯಾಪರ್‌ನಲ್ಲಿ (ನಿಜವಾದ ಡಿಸ್ಕ್ ಮೇಲೆ ವರ್ಚುವಲ್ ಡಿಸ್ಕ್ ಕಟ್ಟೋ ಕರ್ನಲ್ ಭಾಗ) ಎರರ್ ಅಂತ ಒಂದು ಟಾರ್ಗೆಟ್ ಇದೆ, ಆ ಜಾಗಕ್ಕೆ ಬಂದ ಐಓ ಎಲ್ಲಾ ಫೇಲ್ ಮಾಡುತ್ತೆ. ನಿಮ್ಮ ಇಮೇಜಿನ ಒಂದು ಭಾಗಕ್ಕೆ ಅದನ್ನ ಹಾಕಿ ಮೌಂಟ್ ಮಾಡಿ, ಆ ಭಾಗ ಓದಿಸಿ, ಈಗಿನ ಕೋಡ್ ಊಪ್ಸ್ ಆಗ್ಬೇಕು, ತಿದ್ದಿದ್ದು ಐಓ ಎರರ್ ಕೊಡ್ಬೇಕು. ಪ್ಯಾಚ್ ಮಾತ್ರ ಬಿಡಿ ಬಿಡಿಯಾಗಿ ಕಳಿಸಿ. ಬಗ್ ಫಿಕ್ಸ್ ಮೊದಲು, ಗಿಟ್ ಬ್ಲೇಮಲ್ಲಿ (ಯಾವ ಸಾಲು ಯಾವ ಕಮಿಟಲ್ಲಿ ಬಂತು ಅಂತ ತೋರಿಸೋದು) ಬಗ್ ತಂದ ಹಳೇ ಕಮಿಟ್ ಹುಡುಕಿ, ಅದನ್ನ ಹೆಸರಿಸೋ ಫಿಕ್ಸಸ್ ಟ್ಯಾಗ್ ಹಾಕಿ, ಸ್ಟೇಬಲ್ ಕರ್ನಲ್‌ಗಳಿಗೆ ಹೋಗ್ಬೇಕಾಗಿರೋದು ಅದೊಂದೇ.